ಕಿರುವಕ್ಕಳ ಪುಸ್ತಕ: ಮಕ್ಕಳು ಬರೆದುದನ್ನು ಓದುವ ಬಗೆ

1

‘ಪಂಪನ ಕಾವ್ಯ’ ಎಂದಾಗ ಪಂಪನು ರಚಿಸಿದ ಕಾವ್ಯವೆಂದು ತಿಳಿಯುವ ನಾವು ‘ಮಕ್ಕಳ ಕಾವ್ಯ’ ಎಂದಾಗ ಮಕ್ಕಳಿಗಾಗಿ ದೊಡ್ಡವರು ರಚಿಸಿದ ಕಾವ್ಯವೆಂದು ತಿಳಿಯುತ್ತೇವೆ. ವಿಭಕ್ತಿ ಪ್ರತ್ಯಯ ಒಂದೇ. ಅರ್ಥ ಮಾತ್ರ ತಲೆಕೆಳಗಾಗಿದೆ. ಇದು ಕೇವಲ ರೂಢಿಯ ಮಾತಲ್ಲ. ಕನ್ನಡ ಮಕ್ಕಳ ಸಾಹಿತ್ಯದ ವಿಮರ್ಶೆ ಪಂಜೆ ಮಂಗೇಶರಾಯರಿಂದ ಮೊದಲುಗೊಂಡು ಇಂದಿನವರೆಗೆ ದೊಡ್ಡವರು ಮಕ್ಕಳಿಗೆ ಏನನ್ನು ಕೊಟ್ಟರು ಎಂಬುದನ್ನೇ ಮುಖ್ಯವಾಗಿ ಪರಿಶೀಲಿಸಿದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಆರಂಭಿಸಿದ ಬಾಲಸಾಹಿತ್ಯ ಪುರಸ್ಕಾರವೂ ಮಕ್ಕಳಿಗಾಗಿ ಬರೆಯುವ ಹಿರಿಯರಿಗೆ ಸಲ್ಲುವ ಗೌರವವೇ ಆಗಿದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮಗುವನ್ನು ಓದುಗನೆಂದು ಮಾತ್ರ ಕಲ್ಪಿಸಿಕೊಂಡ ವಿಮರ್ಶೆ, ಮಗು ಲೇಖಕನಾಗಿ ಎದುರು ನಿಂತಾಗ ಏನು ಮಾಡಬೇಕೆಂದು ತಿಳಿಯದೆ ಕೆಂಪು ಪೆನ್ಸಿಲನ್ನು ಕೈಗೆತ್ತಿಕೊಳ್ಳುತ್ತದೆ. ಪ್ರಸ್ತುತ ಲೇಖನದ ವಿಚಾರ ಇಷ್ಟೇ: ಮಕ್ಕಳು ತಾವೇ ಬರೆದು, ತಾವೇ ಕಟ್ಟಿ, ಇತರರಿಗೆ ಓದಲು ಕೊಡುವ ಪುಸ್ತಕಗಳನ್ನು ನಾವು ‘ಅಭ್ಯಾಸ’ವೆಂದು ನೋಡದೆ ‘ಪಠ್ಯ’ವೆಂದು ನೋಡಬೇಕು. ಹಾಗೆ ನೋಡದ ಹೊರತು ನಮ್ಮ ಪ್ರೋತ್ಸಾಹದ ಮಾತುಗಳಿಗೆ ಅರ್ಥವಿಲ್ಲ.

ಈ ನಿಲುವಿಗೆ ಆಧಾರವನ್ನು ಹೊರಗಿನಿಂದ ತರಬೇಕಾಗಿಲ್ಲ. ಕ್ರಿ.ಶ. 850ರ ಸುಮಾರಿನ ‘ಕವಿರಾಜಮಾರ್ಗ’ವು ಕನ್ನಡ ಜನರನ್ನು ವರ್ಣಿಸುವಾಗ, ಓದುಬರಹದ ಶಿಕ್ಷಣವಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ಪಳಗಿದವರು ಅವರೆಂದು ಹೇಳುವುದನ್ನು ನಾವೆಲ್ಲರೂ ಉದ್ಧರಿಸುತ್ತೇವೆ. ಅದಕ್ಕೆ ಹೊಂದಿಕೊಂಡೇ ಬರುವ ಇನ್ನೊಂದು ಮಾತನ್ನು ಅಷ್ಟಾಗಿ ಉದ್ಧರಿಸುವುದಿಲ್ಲ. ಎಲ್ಲರೂ ತಂತಮ್ಮ ನುಡಿಯಲ್ಲಿ ಜಾಣರೇ ಎಂದು ಹೇಳಿದ ಶಾಸ್ತ್ರಕಾರನು ಆ ಜಾಣರ ಸಾಲಿನಲ್ಲಿ ‘ಕಿರುವಕ್ಕಳ’ನ್ನೂ, ಎಂದರೆ ಚಿಕ್ಕ ಮಕ್ಕಳನ್ನೂ ಸೇರಿಸುತ್ತಾನೆ. ಇಲ್ಲಿ ಮಕ್ಕಳು ಕಲಿಯುವವರಲ್ಲ, ವಿವೇಕವನ್ನು ತಿಳಿಸಬಲ್ಲವರು ಎಂಬುದು ಗಮನಾರ್ಹ. ಇನ್ನೂ ಗಮನಾರ್ಹವಾದುದು ‘ತಂತಮ್ಮ ನುಡಿ’ ಎಂಬ ನಿಬಂಧನೆ. ಜಾಣ್ಮೆಯು ತನ್ನದಾದ ನುಡಿಯಲ್ಲಿರುವಾಗ ಮಾತ್ರ ಕಾಣಿಸಿಕೊಳ್ಳುತ್ತದೆ. ಈ ನಿಬಂಧನೆಯನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಒಂದು ಉದಾಹರಣೆಯನ್ನು ಮುಂದೆ ಕೊಡುತ್ತೇವೆ.

2

ಮಗುವಿನ ಪುಸ್ತಕವೆಂದರೆ ಯಾವುದು? ಶಾಲೆಯ ಪ್ರಬಂಧದ ಹಾಳೆ ಪುಸ್ತಕವಲ್ಲ. ಅದರ ವಿಷಯ ಅಧ್ಯಾಪಕರದು, ಓದುಗರೂ ಅವರೊಬ್ಬರೇ, ಓದಿನ ಉದ್ದೇಶ ಅಂಕ. ಪುಸ್ತಕಕ್ಕೆ ಮೂರು ಲಕ್ಷಣಗಳು ಬೇಕು. ವಿಷಯವನ್ನು ಬರೆಯುವವನೇ ಆರಿಸಿಕೊಂಡಿರಬೇಕು. ಮುಖಪುಟ, ಹೆಸರು, ಪುಟಗಳ ಕ್ರಮ ಮೊದಲಾದ ಪುಸ್ತಕರೂಪವಿರಬೇಕು. ಅಂಕ ಕೊಡುವ ಅಧಿಕಾರವಿಲ್ಲದ ಓದುಗನೊಬ್ಬನಿರಬೇಕು. ಈ ಮೂರರಲ್ಲಿ ಮೊದಲ ಎರಡನ್ನು ಒಪ್ಪುವವರೂ ಮೂರನೆಯದನ್ನು ಉಪೇಕ್ಷಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದೇ ಪ್ರಧಾನ.

ಇದಕ್ಕೆ ಪ್ರಸಿದ್ಧ ನಿದರ್ಶನ ಇಂಗ್ಲೆಂಡಿನ ಬ್ರಾಂಟೆ ಸೋದರ ಸೋದರಿಯರದು. 1826ರ ಜೂನ್ ತಿಂಗಳಲ್ಲಿ ಹಾವರ್ತ್ ಊರಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ ಮಗ ಬ್ರಾನ್‌ವೆಲ್‌ಗೆ ಮರದ ಸೈನಿಕರ ಒಂದು ಪೆಟ್ಟಿಗೆಯನ್ನು ತಂದುಕೊಟ್ಟನು. ಮಕ್ಕಳು ಆ ಬೊಂಬೆಗಳಿಗೆ ಹೆಸರು, ನಾಡು, ಇತಿಹಾಸಗಳನ್ನು ಕಲ್ಪಿಸಿದರು. ಬಳಿಕ ಆ ನಾಡಿಗೊಂದು ಪತ್ರಿಕೆಯನ್ನೂ ಹೊರಡಿಸಿದರು. 1829ರಲ್ಲಿ ಬ್ರಾನ್‌ವೆಲ್ ಆರಂಭಿಸಿದ ಈ ಕೈಬರಹದ ಪತ್ರಿಕೆಯನ್ನು ಅದೇ ವರ್ಷ ಷಾರ್ಲಟ್ ವಹಿಸಿಕೊಂಡಳು. ಪುಟಗಳು ಬೆಂಕಿಪೊಟ್ಟಣದಷ್ಟೇ ದೊಡ್ಡವು. ಅಕ್ಷರಗಳು ಅಚ್ಚಿನ ಮೊಳೆಗಳ ಅನುಕರಣೆ. ಶೀರ್ಷಿಕೆ ಪುಟ, ಪರಿವಿಡಿ, ಜಾಹೀರಾತುಗಳೂ ಇವೆ. ಆ ಗಾತ್ರ ಬೊಂಬೆ ಸೈನಿಕರ ಕೈಗೆ ಹೊಂದುವಂತಹುದು. ಎಂದರೆ ಓದುಗರು ಯಾರೆಂಬುದು ಮೊದಲು ನಿಶ್ಚಯವಾಗಿ ಪುಸ್ತಕದ ಆಕಾರ ಅದನ್ನು ಅನುಸರಿಸಿತು. ಬೊಂಬೆಗಳ ಹಿಂದೆ ನಿಜವಾದ ಓದುಗರೂ ಇದ್ದರು. ಒಬ್ಬರು ಬರೆದುದನ್ನು ಮನೆಯ ಇತರ ಮಕ್ಕಳು ಓದಿ ತಾವೂ ಮುಂದುವರಿಸುತ್ತಿದ್ದರು.

1829ರ ಡಿಸೆಂಬರ್‌ನಲ್ಲಿ ಹದಿಮೂರು ವರ್ಷದ ಷಾರ್ಲಟ್ ಹತ್ತು ಪದ್ಯಗಳ ಇನ್ನೊಂದು ಕಿರುಹೊತ್ತಗೆಯನ್ನು ಮಾಡಿದಳು. ಅದರ ಹೆಸರಿನಲ್ಲಿರುವ ‘ರೈಮ್ಸ್’ ಎಂಬ ಪದದ ಕಾಗುಣಿತವನ್ನು ಅವಳು ತಪ್ಪಾಗಿ ಬರೆದಿದ್ದಾಳೆ. ಶೀರ್ಷಿಕೆಯ ಹಿಂಬದಿಯಲ್ಲಿ, ಈ ಪದ್ಯಗಳು ಕೆಳದರ್ಜೆಯ ಪ್ರಯತ್ನಗಳೆಂದು ಒಪ್ಪಬೇಕಾದರೂ ತನ್ನ ಕೈಯಿಂದಾದ ಅತ್ಯುತ್ತಮವಾದವು ಇವೇ ಎಂಬರ್ಥದ ನಿವೇದನೆಯಿದೆ. ಹಳಗನ್ನಡ ಕಾವ್ಯಗಳ ಪೀಠಿಕಾ ಸಂಧಿಯನ್ನು ಬಲ್ಲವರಿಗೆ ಇದು ಪರಿಚಿತ ಧಾಟಿ. ಕವಿಯ ವಿನಯೋಕ್ತಿಯೂ ಅದರೊಳಗೆ ಅಡಗಿದ ಆತ್ಮವಿಶ್ವಾಸವೂ ಇಲ್ಲಿ ಒಟ್ಟಿಗೇ ಇವೆ. ಇಂತಹ ನಿವೇದನೆಯನ್ನು ಯಾರೂ ತಮಗಾಗಿ ಬರೆದುಕೊಳ್ಳುವುದಿಲ್ಲ. ಓದುಗನಿದ್ದಾನೆಂಬ ಅರಿವಿನಿಂದ ಮಾತ್ರ ಅದು ಹುಟ್ಟುತ್ತದೆ. ಈ ಪುಸ್ತಕವು 2022ರಲ್ಲಿ 12 ಲಕ್ಷ 50 ಸಾವಿರ ಡಾಲರುಗಳಿಗೆ ಮಾರಾಟವಾಗಿ ಹಾವರ್ತಿನ ಬ್ರಾಂಟೆ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಸೇರಿತು. ಅದನ್ನು ಪಡೆದವರು ಶೀರ್ಷಿಕೆಯ ಕಾಗುಣಿತವನ್ನು ತಿದ್ದಲಿಲ್ಲ ಎಂಬುದನ್ನು ಹೇಳಬೇಕಾಗಿಲ್ಲ.

ಷಾರ್ಲಟ್ ಮುಂದೆ ಪ್ರಸಿದ್ಧಳಾದುದರಿಂದ ಈ ಬೆಲೆ ಬಂದಿತೆಂಬ ಆಕ್ಷೇಪಣೆ ಸಹಜ. ಬೆಲೆಯ ಮಟ್ಟಿಗೆ ಅದು ನಿಜವೂ ಹೌದು. ಆದರೆ ಡೈಸಿ ಆಶ್‌ಫರ್ಡ್ ಮುಂದೆ ಪ್ರಸಿದ್ಧ ಕಾದಂಬರಿಕಾರ್ತಿಯಾಗಲಿಲ್ಲ. ಒಂಬತ್ತು ವರ್ಷದವಳಿದ್ದಾಗ, 1890ರಲ್ಲಿ, ನೋಟುಪುಸ್ತಕದಲ್ಲಿ ಅವಳು ಬರೆದ ‘ದಿ ಯಂಗ್ ವಿಸಿಟರ್ಸ್’ 1919ರಲ್ಲಿ ಜೆ. ಎಂ. ಬ್ಯಾರಿಯ ಮುನ್ನುಡಿಯೊಡನೆ ಅಚ್ಚಾಯಿತು. ಶೀರ್ಷಿಕೆಯ ತಪ್ಪೂ ಸೇರಿದಂತೆ ಅವಳ ಕಾಗುಣಿತವನ್ನು ಪ್ರಕಾಶಕರು ಹಾಗೆಯೇ ಉಳಿಸಿಕೊಂಡರು. ಪುಸ್ತಕ ಜನಪ್ರಿಯವಾದೊಡನೆ ಇದನ್ನು ಬ್ಯಾರಿಯೇ ಬರೆದಿರಬೇಕೆಂಬ ಶಂಕೆಯೂ ಹುಟ್ಟಿತು. ಮಗುವಿನ ಬರಹ ಕಳಪೆಯಾಗಿದ್ದರೆ ಅದು ಅಭ್ಯಾಸ, ಚೆನ್ನಾಗಿದ್ದರೆ ಅದು ದೊಡ್ಡವರದು ಎಂಬ ಈ ತರ್ಕದಲ್ಲಿ ಮಗುವಿಗೆ ಕರ್ತೃತ್ವ ದೊರೆಯುವ ದಾರಿಯೇ ಇಲ್ಲ.

3

ಈಗ ತಪ್ಪು ಎಂಬ ಪರಿಕಲ್ಪನೆಯನ್ನು ಕುರಿತು. ನಮ್ಮ ವೃತ್ತಿಜೀವನದ ಬಹುಭಾಗ ಓಲೆಗರಿಗಳ ಪಾಠಪರಿಷ್ಕರಣದಲ್ಲಿ ಕಳೆದಿದೆ. ಲಿಪಿಕಾರನ ಪಾಠ ಅಸಂಬದ್ಧವಾಗಿ ಕಂಡರೂ ಅದನ್ನು ಅಳಿಸಬಾರದು, ತಿದ್ದಿದರೆ ಮೂಲಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸಬೇಕು ಎಂಬುದು ಈ ಶಾಸ್ತ್ರದ ಮೊದಲ ಪಾಠ. ಲಿಪಿಕಾರನ ಸ್ಖಾಲಿತ್ಯವು ಅವನ ಕಾಲದ, ಪ್ರದೇಶದ, ಉಚ್ಚಾರಣೆಯ ಸಾಕ್ಷಿಯಾಗಿರಬಹುದು. ಶಾಸನಗಳಲ್ಲಿ ಪಕಾರವು ಹಕಾರವಾದುದನ್ನು, ಱಕಾರ ೞಕಾರಗಳು ರಕಾರ ಳಕಾರಗಳಲ್ಲಿ ಬೆರೆತುದನ್ನು ನಾವು ಕಾಲಾನುಕ್ರಮದಲ್ಲಿ ಗುರುತಿಸಿರುವುದು ಹೇಗೆ? ಬರೆದವರು ಶಿಷ್ಟ ರೂಪವನ್ನು ಬಿಟ್ಟು ತಮ್ಮ ಕಿವಿಗೆ ಕೇಳಿದಂತೆ ಬರೆದುದರಿಂದ. ಹದಿಮೂರನೆಯ ಶತಮಾನದ ಕೇಶಿರಾಜನು ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿಕೊಡಬೇಕಾಗಿ ಬಂದುದು, ಆ ಹೊತ್ತಿಗೆ ಅವುಗಳ ಬಳಕೆಯಲ್ಲಿ ಗೊಂದಲ ತಲೆದೋರಿದ್ದುದಕ್ಕೆ ಪ್ರಮಾಣವಾಗಿದೆ. ಅಂದಿನ ತಪ್ಪು ಇಂದಿನ ಭಾಷಾಚರಿತ್ರೆಯ ಆಧಾರ.

ಇಷ್ಟನ್ನು ತರಗತಿಯಲ್ಲಿ ಬೋಧಿಸುವ ನಾವು ಕೆಲವು ವರ್ಷಗಳ ಹಿಂದೆ ಒಂದು ಪ್ರಮಾದವನ್ನು ಮಾಡಿದೆವು. ಉತ್ತರ ಭಾರತದ ನಗರವೊಂದರಲ್ಲಿ ಕನ್ನಡಿಗರ ಮಕ್ಕಳಿಗಾಗಿ ನಡೆಯುತ್ತಿದ್ದ ಭಾನುವಾರದ ತರಗತಿಗೆ ಹೋಗಿದ್ದಾಗ ಎಂಟು ವರ್ಷದ ಹುಡುಗಿಯೊಬ್ಬಳು ತಾನು ಮಾಡಿದ ಪುಸ್ತಕವನ್ನು ನಮ್ಮ ಕೈಗಿತ್ತಳು. ಹಾಳೆಗಳನ್ನು ಮಡಿಸಿ ನೀಲಿ ದಾರದಿಂದ ಹೊಲಿದ ಹನ್ನೆರಡು ಪುಟಗಳ ಪುಸ್ತಕ. ಅಜ್ಜಿ ಮೊದಲ ಬಾರಿಗೆ ರೈಲಿನಲ್ಲಿ ಒಬ್ಬಳೇ ಬಂದ ಕಥೆ. ಹಳ್ಳಿ ‘ಅಳ್ಳಿ’ಯಾಗಿತ್ತು, ಹಸು ‘ಅಸು’ವಾಗಿತ್ತು, ಹಾಲು ‘ಆಲು’ ಆಗಿತ್ತು. ಚೀಲವೆಂದು ಇರಬೇಕಾದಲ್ಲಿ ಹಿಂದಿಯ ‘ಥೈಲಾ’ ಇತ್ತು. ನಾವು ಪ್ರೀತಿಯಿಂದಲೇ ಕೆಂಪು ಪೆನ್ಸಿಲನ್ನು ತೆಗೆದು ಎಲ್ಲವನ್ನೂ ತಿದ್ದಿ, ಕೊನೆಯಲ್ಲಿ ‘ಚೆನ್ನಾಗಿದೆ’ ಎಂದು ಬರೆದು ಹಿಂದಿರುಗಿಸಿದೆವು. ಅವಳು ಪುಟಗಳನ್ನು ಒಂದೊಂದಾಗಿ ನೋಡಿ, “ಸರ್, ನಮ್ಮಜ್ಜಿ ಹಿಂಗೆ ಮಾತಾಡಲ್ಲ” ಎಂದಳು. ಅದಕ್ಕೆ ನಾವು ಏನೋ ಸಮಾಧಾನ ಹೇಳಿದೆವು. ಮುಂದಿನ ಸಲ ಹೋದಾಗ ಹೊಸ ಪುಸ್ತಕ ಬರೆದೆಯಾ ಎಂದು ಕೇಳಿದೆವು. ಇಲ್ಲವೆಂದು ತಲೆಯಾಡಿಸಿದಳು. ಆ ತರಗತಿಗೆ ನಾವು ಮತ್ತೆ ಎರಡು ವರ್ಷ ಹೋಗಿಬಂದೆವು. ಅವಳು ಇನ್ನೊಂದನ್ನು ಹೊಲಿಯಲಿಲ್ಲ.

ಹಕಾರಲೋಪವು ಹಳೆಯ ಮೈಸೂರು ಪ್ರಾಂತದ ಗ್ರಾಮೀಣ ಮಾತಿನ ಪ್ರಸಿದ್ಧ ಲಕ್ಷಣ. ಊರಿನಿಂದ ಎರಡು ಸಾವಿರ ಕಿಲೋಮೀಟರು ದೂರದಲ್ಲಿ ಹುಟ್ಟಿ ಬೆಳೆದ ಮಗುವೊಂದು ಅದನ್ನು ಅಜ್ಜಿಯ ಬಾಯಿಂದ ಕೇಳಿ, ಕಿವಿಗೆ ಬಿದ್ದಂತೆಯೇ ಬರಹಕ್ಕಿಳಿಸಿತ್ತು. ‘ಥೈಲಾ’ ಎಂಬುದು ಆ ಮನೆಯಲ್ಲಿ ಎರಡು ಭಾಷೆಗಳು ಒಂದೇ ವಾಕ್ಯದಲ್ಲಿ ಹೇಗೆ ಬಾಳುತ್ತವೆ ಎಂಬುದರ ದಾಖಲೆಯಾಗಿತ್ತು. ಅದೇ ರೂಪಗಳನ್ನು ಓಲೆಗರಿಯಲ್ಲಿ ಕಂಡಿದ್ದರೆ ನಾವು ಒಂದು ಸಂಪ್ರಬಂಧವನ್ನೇ ಬರೆಯುತ್ತಿದ್ದೆವು. ಮಗುವಿನ ಹಸ್ತಪ್ರತಿಯಲ್ಲಿ ಕಂಡುದರಿಂದ ಅಳಿಸಿದೆವು. ಪಾಠ ಮಾತ್ರ ನಷ್ಟವಾಗಲಿಲ್ಲ, ಕರ್ತೃವೂ ನಷ್ಟವಾದಳು. ಈ ಲೇಖನ ಒಂದು ರೀತಿಯಲ್ಲಿ ಆ ಕೆಂಪು ಗೆರೆಗಳ ಲೆಕ್ಕ ಒಪ್ಪಿಸುವ ಪ್ರಯತ್ನ.

4

ಹಾಗಾದರೆ ತಿದ್ದುವುದೇ ಬೇಡವೇ? ಬರಹದ ಶಿಷ್ಟ ರೂಪ ಮಕ್ಕಳಿಗೆ ತಿಳಿಯುವುದು ಬೇಡವೇ? ಈ ಪ್ರಶ್ನೆಗೆ ಫ್ರಾನ್ಸಿನ ಸೆಲೆಸ್ಟಾಂ ಫ್ರೆನೆಯ ಪ್ರಯೋಗದಲ್ಲಿ ಸಮರ್ಪಕವಾದ ಉತ್ತರವಿದೆ. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡು ಮರಳಿದ ಈ ಪ್ರಾಥಮಿಕ ಶಾಲೆಯ ಉಪಾಧ್ಯಾಯ, ದಕ್ಷಿಣ ಫ್ರಾನ್ಸಿನ ಬಾರ್-ಸುರ್-ಲೂ ಎಂಬ ಹಳ್ಳಿಯ ಶಾಲೆಗೆ 1924ರಲ್ಲಿ ಒಂದು ಸಣ್ಣ ಮುದ್ರಣಯಂತ್ರವನ್ನು ತಂದನು. ಮಕ್ಕಳು ತಮಗೆ ತೋಚಿದ ವಿಷಯವನ್ನು ಬರೆದು ತರಗತಿಯಲ್ಲಿ ಓದುತ್ತಿದ್ದರು. ಅಚ್ಚಿಗೆ ಯಾವುದು ಹೋಗಬೇಕೆಂಬುದನ್ನು ತರಗತಿಯೇ ಆರಿಸುತ್ತಿತ್ತು. ಆರಿಸಿದ ಬರಹವನ್ನು ಕಪ್ಪುಹಲಗೆಯ ಮೇಲೆ ಬರೆದು ಎಲ್ಲರೂ ಸೇರಿ, ಬರೆದವನ ಎದುರಿಗೇ ಪರಿಷ್ಕರಿಸುತ್ತಿದ್ದರು. ಬಳಿಕ ಮಕ್ಕಳೇ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದರು. ಹಾಳೆಗಳು ಮನೆಗಳಿಗೆ ಹೋಗುತ್ತಿದ್ದವು. ದೂರದ ಬ್ರಿಟನಿಯ ಟ್ರೆಗುಂಕ್ ಶಾಲೆಯ ಮಕ್ಕಳಿಗೂ ಅಂಚೆಯಲ್ಲಿ ತಲುಪುತ್ತಿದ್ದವು. ಅಲ್ಲಿಂದ ಅವರ ಬರಹಗಳು ಬರುತ್ತಿದ್ದವು.

ಇಲ್ಲಿಯೂ ತಿದ್ದುಪಡಿ ಇದೆ. ಆದರೆ ಅದರ ಕಾರಣ ಬೇರೆ. ಸಮುದ್ರತೀರದಲ್ಲಿ ಕುಳಿತು ಓದುವ ಅಪರಿಚಿತ ಮಗುವಿಗೆ ನಮ್ಮ ಬೆಟ್ಟದ ಸಂಗತಿ ಅರ್ಥವಾಗಬೇಕು ಎಂಬ ಅಗತ್ಯದಿಂದ ಅದು ಹುಟ್ಟುತ್ತದೆ. ಉಪಾಧ್ಯಾಯರ ಅಧಿಕಾರದಿಂದ ಬಂದ ತಿದ್ದುಪಡಿ ಬರೆದವನನ್ನು ತಪ್ಪಿತಸ್ಥನನ್ನಾಗಿಸುತ್ತದೆ. ಓದುಗನ ಅಗತ್ಯದಿಂದ ಬಂದ ತಿದ್ದುಪಡಿ ಅವನನ್ನು ಲೇಖಕನನ್ನಾಗಿಸುತ್ತದೆ. ಆದುದರಿಂದ ಹಂಚಿಕೆ ಎನ್ನುವುದು ಬರವಣಿಗೆ ಮುಗಿದ ಮೇಲಿನ ಸಮಾರಂಭವಲ್ಲ, ಬರವಣಿಗೆಯ ಒಳಗಿನದೇ ಒಂದು ಅಂಗ.

ಹಂಚಿಕೆಗೆ ಅಪಾಯವೂ ಇದೆಯೆಂಬುದನ್ನು ಫ್ರೆನೆಯ ಬದುಕೇ ತೋರಿಸುತ್ತದೆ. ಮುಂದೆ ಸೇಂಟ್-ಪಾಲ್ ಊರಿನ ಶಾಲೆಯಲ್ಲಿದ್ದಾಗ, ಮಗುವೊಂದು ತನ್ನ ಕನಸನ್ನು ಕುರಿತು ಬರೆದ ಬರಹವನ್ನು 1932ರ ಕೊನೆಯಲ್ಲಿ ವಿರೋಧಿಗಳು ಊರಿನ ಗೋಡೆಗಳ ಮೇಲೆ ಅಂಟಿಸಿ ಗದ್ದಲವೆಬ್ಬಿಸಿದರು. ಆ ಕನಸಿನಲ್ಲಿ ಊರಿನ ಮೇಯರನ ಕೊಲೆಯ ಪ್ರಸಂಗವಿತ್ತು. ಈ ವಿವಾದದ ಪರಿಣಾಮವಾಗಿ ಫ್ರೆನೆ ಸರ್ಕಾರಿ ಶಾಲೆಯನ್ನು ಬಿಡಬೇಕಾಯಿತು. 1935ರಲ್ಲಿ ವಾನ್ಸ್‌ನಲ್ಲಿ ತನ್ನದೇ ಶಾಲೆಯನ್ನು ತೆರೆದನು. ಮಗು ನಿಜವಾಗಿ ಬರೆಯತೊಡಗಿದರೆ ದೊಡ್ಡವರಿಗೆ ಇಷ್ಟವಾಗುವುದನ್ನೇ ಬರೆಯುತ್ತದೆಂಬ ಭರವಸೆಯಿಲ್ಲ. ಹಾಗೆಯೇ, ತಾನು ಬರೆದುದನ್ನು ಯಾರಿಗೆ ತೋರಿಸಬೇಕು, ಯಾರಿಗೆ ತೋರಿಸಬಾರದು ಎಂದು ನಿಶ್ಚಯಿಸುವ ಹಕ್ಕೂ ಅದಕ್ಕಿರಬೇಕು. ಹಂಚಿಕೊಳ್ಳುವಂತೆ ಪ್ರೋತ್ಸಾಹಿಸುವುದೆಂದರೆ ಹಂಚಿಕೊಳ್ಳುವಂತೆ ಬಲವಂತಪಡಿಸುವುದಲ್ಲ.

ನಮ್ಮ ಪರಂಪರೆಯಲ್ಲಿ ಪುಸ್ತಕದ ಹಂಚಿಕೆಯನ್ನು ಪುಣ್ಯವೆಂದು ಭಾವಿಸಿದ ನಿದರ್ಶನ ಸುಪ್ರಸಿದ್ಧವಾಗಿದೆ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಕಾವ್ಯ ಉಳಿಯುವುದು ಕವಿಯ ಪ್ರತಿಭೆಯಿಂದ ಮಾತ್ರವಲ್ಲ, ಇನ್ನೊಬ್ಬರ ಕೈಗೆ ಅದನ್ನು ತಲುಪಿಸುವವರ ಕಾಳಜಿಯಿಂದ ಎಂಬ ತಿಳಿವಳಿಕೆ ಆ ಕಾರ್ಯದ ಹಿಂದಿದೆ. ಮಗುವಿನ ಪುಸ್ತಕಕ್ಕೆ ಸಾವಿರ ಪ್ರತಿಗಳು ಬೇಕಾಗಿಲ್ಲ. ಒಂದು ಪ್ರತಿ, ಅದನ್ನು ಓದಿ ಮಾರುತ್ತರ ಬರೆಯುವ ಇನ್ನೊಂದು ಮಗು, ಇಷ್ಟು ಸಾಕು.

5

ಭಾರತದಲ್ಲಿ ಈ ದಿಕ್ಕಿನ ಕೆಲಸ ನಡೆದಿಲ್ಲವೆಂದಲ್ಲ. ಭೋಪಾಲದ ಏಕಲವ್ಯ ಸಂಸ್ಥೆ 1985ರಿಂದ ಹೊರತರುತ್ತಿರುವ ಹಿಂದಿ ಮಾಸಪತ್ರಿಕೆ ‘ಚಕಮಕ್’ ತನ್ನ ‘ಮೇರಾ ಪನ್ನಾ’ ವಿಭಾಗದಲ್ಲಿ ಮಕ್ಕಳ ಬರಹ ಮತ್ತು ಚಿತ್ರಗಳಿಗೆ ಸ್ಥಾನ ಕೊಟ್ಟಿದೆ. ಕೃಷ್ಣ ಕುಮಾರರು 1986ರಲ್ಲಿ ಮಗುವಿನ ಭಾಷೆ ಮತ್ತು ಅಧ್ಯಾಪಕರನ್ನು ಕುರಿತು ಬರೆದ ಕೈಪಿಡಿಯೂ ಮಗುವಿನ ಮಾತನ್ನೇ ಕಲಿಕೆಯ ಆಧಾರವೆಂದು ಪರಿಗಣಿಸುತ್ತದೆ. ಕನ್ನಡದ ಶಾಲೆಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ ಕೈಬರಹದ ಪತ್ರಿಕೆಗಳ ರೂಢಿ ಇದ್ದೇ ಇತ್ತು. ಆದರೆ ಅವು ವಾರ್ಷಿಕೋತ್ಸವದ ಮೇಜಿನಿಂದ ಬೀರುವಿಗೆ ಹೋಗಿ, ಬೀರುವಿನಿಂದ ರದ್ದಿಗೆ ಹೋದವು. ಅವುಗಳನ್ನು ಸಾಹಿತ್ಯ ಚರಿತ್ರೆಯ ಆಕರಗಳೆಂದು ನಾವು ಸಂಶೋಧಕರು ಭಾವಿಸಲಿಲ್ಲ.

ಹೊರನಾಡಿನಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತುರ್ತು ಇದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಕನ್ನಡಿಗರ ಮನೆಗಳಲ್ಲಿ ಕನ್ನಡವನ್ನು ಆಡುವ, ಆದರೆ ಓದಲು ಬರೆಯಲು ಬಾರದ ತಲೆಮಾರು ಬೆಳೆದಿದೆ. ಇವರಿಗಾಗಿ ಸಂಘಗಳು ನಡೆಸುವ ತರಗತಿಗಳಲ್ಲಿ ಅಕ್ಷರ ತಿದ್ದುವುದು, ಕಾಗುಣಿತ, ಪದಪಟ್ಟಿ, ಕೊನೆಗೆ ನಾಡಗೀತೆ, ಈ ಕ್ರಮವನ್ನು ನಾವು ಹಲವೆಡೆ ಕಂಡಿದ್ದೇವೆ. ಅಲ್ಲಿನ ಅಧ್ಯಾಪಕರ ನಿಷ್ಠೆ ದೊಡ್ಡದು. ಆದರೆ ಕನ್ನಡದಲ್ಲಿ ಬರೆಯಲು ಮಗುವಿಗೆ ಕಾರಣವೇನು? ಪರೀಕ್ಷೆಯಿಲ್ಲ, ಉದ್ಯೋಗದ ಆಸೆಯಿಲ್ಲ, ಬೀದಿಯ ಫಲಕಗಳಲ್ಲಿ ಆ ಲಿಪಿಯಿಲ್ಲ. ಉಳಿಯುವ ಕಾರಣ ಒಂದೇ: ಕನ್ನಡದಲ್ಲಿ ಓದುವವರೊಬ್ಬರು ಆ ಬರಹಕ್ಕಾಗಿ ಕಾದಿರುವುದು. ಊರಿನ ಅಜ್ಜಿಗೆ, ಇನ್ನೊಂದು ನಗರದ ಕನ್ನಡ ತರಗತಿಯ ಗೆಳೆಯನಿಗೆ ಬರೆದ ಪುಸ್ತಕವು ಈ ಕಾರಣವನ್ನು ಒದಗಿಸಬಲ್ಲದು. ಆ ಪುಸ್ತಕದಲ್ಲಿ ಮರಾಠಿ, ತಮಿಳು, ತೆಲುಗು, ಹಿಂದಿಯ ಪದಗಳು ಇದ್ದೇ ಇರುತ್ತವೆ. ಕನ್ನಡವು ಸಂಸ್ಕೃತ, ಪ್ರಾಕೃತ, ಮರಾಠಿ, ಪಾರಸಿ ಪದಗಳನ್ನು ಅರಗಿಸಿಕೊಂಡು ಬೆಳೆದ ಬಗೆಯನ್ನು ಬಲ್ಲ ನಾವು ‘ಥೈಲಾ’ ಒಂದಕ್ಕೆ ಹೆದರಬೇಕಾಗಿಲ್ಲ.

ಎರಡು ಎಚ್ಚರಿಕೆಗಳನ್ನು ಹೇಳುವುದು ಅವಶ್ಯ. ಒಂದು, ಮಕ್ಕಳ ಬರಹವೆಲ್ಲ ಸ್ವಯಂಸ್ಫೂರ್ತವೆಂಬ ಭಾವುಕತೆ ಸಲ್ಲದು. ಬ್ರಾಂಟೆ ಮಕ್ಕಳ ಪತ್ರಿಕೆ ಅಂದಿನ ‘ಬ್ಲ್ಯಾಕ್‌ವುಡ್ಸ್’ ಪತ್ರಿಕೆಯ ನೇರ ಅನುಕರಣೆಯಾಗಿತ್ತು. ಅನುಕರಣೆ ದೋಷವಲ್ಲ, ಪ್ರೌಢ ಕವಿಗಳೂ ಪೂರ್ವಕವಿಗಳ ಮಾರ್ಗವನ್ನು ಹಿಡಿದೇ ತಮ್ಮ ಮಾರ್ಗವನ್ನು ಕಂಡುಕೊಂಡವರು. ಮಗು ಯಾವುದನ್ನು ಅನುಕರಿಸುತ್ತದೆ, ಎಲ್ಲಿ ಅದರಿಂದ ಸರಿಯುತ್ತದೆ ಎಂದು ನೋಡುವುದೇ ವಿಮರ್ಶೆಯ ಕೆಲಸ. ಎರಡು, ಪ್ರೋತ್ಸಾಹವು ಸ್ಪರ್ಧೆಯಾಗಿ ಮಾರ್ಪಡುವ ಅಪಾಯ. ಇಂದು ಹಣ ಪಡೆದು ಮಕ್ಕಳ ಪುಸ್ತಕಗಳನ್ನು ನುಣುಪಾದ ಕಾಗದದ ಮೇಲೆ ಅಚ್ಚು ಹಾಕಿಕೊಡುವ ವ್ಯವಹಾರ ಬೆಳೆದಿದೆ. ಬಹುಮಾನಕ್ಕಾಗಿ ತಂದೆತಾಯಿಗಳೇ ಬರೆದುಕೊಡುವುದುಂಟು. ಯಂತ್ರದಿಂದ ಬರೆಸುವ ಸೌಲಭ್ಯವೂ ಈಗ ಕೈಗೆ ಬಂದಿದೆ. ಅಂತಹ ನಿರ್ದೋಷ ಪುಸ್ತಕಕ್ಕಿಂತ ಹೊಲಿಗೆ ಬಿಟ್ಟ ಹನ್ನೆರಡು ಪುಟಗಳು ಹೆಚ್ಚು ಬೆಲೆಯುಳ್ಳವು.

ವಿಶ್ವವಿದ್ಯಾನಿಲಯಗಳ ಕನ್ನಡ ಪೀಠಗಳು ಈ ವಿಷಯದಲ್ಲಿ ಮಾಡಬಹುದಾದುದು ಸ್ಪಷ್ಟವಾಗಿದೆ. ತಮ್ಮ ನಗರದ ಮಕ್ಕಳು ಮಾಡಿದ ಪುಸ್ತಕಗಳನ್ನು, ಅವರೂ ಹೆತ್ತವರೂ ಒಪ್ಪಿದರೆ, ಹಸ್ತಪ್ರತಿಗಳಂತೆ ದಾಖಲಿಸಬೇಕು: ಬರೆದ ವರ್ಷ, ಮಗುವಿನ ವಯಸ್ಸು, ಮನೆಯ ಮಾತು, ನೆರೆಯ ಭಾಷೆ, ಪುಟಗಳ ಸಂಖ್ಯೆ, ಕಟ್ಟಿದ ಬಗೆ. ಹೆಸರು ಬೇಡವೆಂದರೆ ಹೆಸರನ್ನು ಬಿಡಬೇಕು. ಒಂದು ಅಕ್ಷರವನ್ನೂ ತಿದ್ದದೆ ನಕಲು ಪ್ರತಿಯನ್ನು ಇಟ್ಟುಕೊಂಡು ಮೂಲವನ್ನು ಮಗುವಿಗೇ ಹಿಂದಿರುಗಿಸಬೇಕು. ದೆಹಲಿಯ ತರಗತಿಯ ಪುಸ್ತಕ ಚೆನ್ನೈಗೆ, ಚೆನ್ನೈನದು ಪುಣೆಗೆ ಹೋಗಿಬರುವಂತೆ ಅಂಚೆಯ ಏರ್ಪಾಡು ಮಾಡಬೇಕು. ಶಿಷ್ಟ ಕಾಗುಣಿತದ ಪಾಠಕ್ಕೆ ಬೇರೆ ಹೊತ್ತು ಇರಲಿ, ಬೇರೆ ಹಾಳೆ ಇರಲಿ. ಇಂತಹ ಸಂಗ್ರಹವೊಂದು ಇಪ್ಪತ್ತು ವರ್ಷ ಬೆಳೆದರೆ, ಹೊರನಾಡ ಕನ್ನಡದ ಸ್ವರೂಪವನ್ನು ಕುರಿತು ಯಾವ ಪ್ರಶ್ನಾವಳಿಯೂ ಕೊಡಲಾರದ ಆಕರವು ಮುಂದಿನ ಸಂಶೋಧಕರಿಗೆ ದೊರೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಬರೆದ ಮಗುವಿಗೆ ಓದುಗರು ದೊರೆಯುತ್ತಾರೆ.

ಓಲೆಗರಿಯನ್ನು ಬಿಚ್ಚುವಾಗ ನಾವು ಕೈ ತೊಳೆದುಕೊಳ್ಳುತ್ತೇವೆ. ಅಂಚು ಮುರಿದೀತೆಂದು ಉಸಿರು ಬಿಗಿಹಿಡಿಯುತ್ತೇವೆ. ಅರ್ಥವಾಗದ ಪಾಠವೆದುರಾದರೆ ನಮ್ಮ ಅಜ್ಞಾನವನ್ನೇ ಮೊದಲು ಶಂಕಿಸುತ್ತೇವೆ. ನೀಲಿ ದಾರದಿಂದ ಹೊಲಿದ ಪುಸ್ತಕವೊಂದು ಕೈಗೆ ಬಂದಾಗಲೂ ಇಷ್ಟೇ ಎಚ್ಚರ ನಮ್ಮಲ್ಲಿರಬೇಕು.